ದಾಹ ಅಂತ ಯಾವುದನ್ನೆಲ್ಲ ಕರೆಯುತ್ತೇವೆ? ಅಕ್ಕನ ಎರಡು ವಚನ ಓದುತ್ತಾ ಎದ್ದ ಪ್ರಶ್ನೆ

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ಅಕ್ಕಮಹಾದೇವಿಯ ಎರಡು ವಚನಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದೇನೆ. ಒಂದು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಇಲ್ಲಿ ಓದಿಕೊಂಡವರು ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಮೊದಲನೆಯದು ಬಹಳ ಜನಕ್ಕೆ ಬಾಯಿಗೆ ಬರುವ ವಚನ. ಹಸಿವಾದರೆ ಊರೊಳಗೆ ಭಿಕ್ಷಾನ್ನ ಇದೆ, ತೃಷೆಯಾದರೆ ಕೆರೆ, ಹಳ್ಳ, ಬಾವಿ ಇವೆ, ಮಲಗುವುದಕ್ಕೆ ಹಾಳು ದೇಗುಲ ಇದೆ, ಆತ್ಮದ ಸಂಗಾತಕ್ಕೆ ಚೆನ್ನಮಲ್ಲಿಕಾರ್ಜುನ, ನೀನಿದ್ದೀಯ ಅನ್ನುತ್ತಾಳೆ. ಇನ್ನೊಂದರಲ್ಲಿ ಹಸಿವೆ, ತೃಷೆ, ನಿದ್ರೆ, ಕಾಮ ಎಲ್ಲವನ್ನೂ ಹೆಸರು ಹಿಡಿದು ಕರೆದು ‘ನಿಲ್ಲು ನಿಲ್ಲು’ ಅನ್ನುತ್ತಾಳೆ. ಯಾಕೆಂದರೆ ಅವಳು ಚೆನ್ನಮಲ್ಲಿಕಾರ್ಜುನನ ಅವಸರದ ಓಲೆ ಹೊತ್ತು ಹೊರಟಿದ್ದಾಳೆ, ಅಡ್ಡ ಬರಬೇಡಿ ಅಂತ.

ಎರಡರಲ್ಲೂ ಬಾಯಾರಿಕೆ ಬೇರೆ, ಹಂಬಲ ಬೇರೆ. ಒಂದು ಕೆರೆಯ ಹತ್ತಿರ ಮುಗಿಯುತ್ತದೆ, ಇನ್ನೊಂದಕ್ಕೆ ಕೆರೆಯೇ ಇಲ್ಲ. ನಾವಾದರೆ ಎಲ್ಲದಕ್ಕೂ ದಾಹ ಅನ್ನುತ್ತೇವೆ. ಅಧಿಕಾರದಾಹ, ಧನದಾಹ, ಜ್ಞಾನದಾಹ, ಕೊನೆಗೆ ರಕ್ತದಾಹ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದುಕೊಂಡು ಹೋದ ಹೆಣ್ಣುಮಗಳಿಗೆ ನಿಜವಾದ ಬಾಯಾರಿಕೆ ಏನು ಅಂತ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಎರಡನ್ನೂ ಬೆರೆಸಲಿಲ್ಲ ಅಂತ ನನಗೆ ಅನಿಸುತ್ತದೆ. ಈ ಹೋಲಿಕೆ ಸರಿಯಾ? ಬಯಕೆ ನಿಜವಾಗಿಯೂ ಬಾಯಾರಿಕೆಯ ಹಾಗಿರುತ್ತದಾ? ನಿಮ್ಮ ನಿಮ್ಮ ಅನುಭವದಿಂದ ಹೇಳಿ.

ಓದುವ ಹುಚ್ಚು

ಒಳ್ಳೆಯ ಪ್ರಶ್ನೆ. ಆದರೆ ಈ ಹೋಲಿಕೆಯನ್ನು ಸುಮ್ನೆ ಬಿಟ್ಟುಬಿಡುವ ಹಾಗಿಲ್ಲ. ಬುದ್ಧ ಸಾರನಾಥದಲ್ಲಿ ಮೊದಲ ಉಪದೇಶ ಮಾಡಿದಾಗ ದುಃಖಕ್ಕೆ ಕಾರಣ ತೃಷ್ಣೆ, ಅಂದರೆ ಬಾಯಾರಿಕೆ ಎಂದೇ ಹೇಳಿದ. ಅದರಲ್ಲೂ ಮೂರು ಬಗೆ ಹೇಳಿದ. ಸುಖಗಳ ತೃಷ್ಣೆ, ಹೀಗೇ ಇರಬೇಕು ಮುಂದೆಯೂ ಇರಬೇಕು ಅನ್ನುವ ತೃಷ್ಣೆ, ಇದೆಲ್ಲ ಇಲ್ಲದೇ ಹೋಗಲಿ ಅನ್ನುವ ತೃಷ್ಣೆ. ಮೂರನೆಯದು ನನ್ನನ್ನು ಬಹಳ ಕಾಡಿದೆ. ಎಲ್ಲ ಸಾಕಾಯ್ತು, ಎಲ್ಲಾದರೂ ಹೋಗಿಬಿಡೋಣ ಅನಿಸುತ್ತದಲ್ಲ, ಅದನ್ನು ನಾವು ವೈರಾಗ್ಯ ಅಂದುಕೊಳ್ಳುತ್ತೇವೆ. ಅವನು ಅದನ್ನೂ ಬಯಕೆಯ ಲೆಕ್ಕಕ್ಕೇ ಸೇರಿಸಿದ.

ಯಯಾತಿಯ ಕಥೆಯೂ ಇದೇ ದಾರಿಯದು. ಶುಕ್ರಾಚಾರ್ಯರ ಶಾಪದಿಂದ ಮುಪ್ಪು ಬಂತು, ಮಗ ಪೂರು ತನ್ನ ಯೌವನ ಕೊಟ್ಟ, ಸಾವಿರ ವರ್ಷ ಸುಖ ಅನುಭವಿಸಿದ. ಆಮೇಲೆ ಅವನೇ ಹೇಳಿದ್ದು: ಅನುಭವಿಸಿದರೆ ಆಸೆ ಆರುವುದಿಲ್ಲ, ತುಪ್ಪ ಸುರಿದ ಬೆಂಕಿಯ ಹಾಗೆ ಇನ್ನೂ ಏಳುತ್ತದೆ. ತುಂಗೆಯ ದಡ ಅವರೇ, ಇಲ್ಲಿ ನಿಮ್ಮ ಮಾತಿಗೇ ಬಲ ಬರುತ್ತದೆ ನೋಡಿ. ಯಯಾತಿ ಆಸೆಯನ್ನು ಬೆಂಕಿಗೆ ಹೋಲಿಸಿದ, ನೀರಡಿಕೆಗಲ್ಲ.

ವಾರ್ಡ್ ನಂಬರ್ ನಾಲ್ಕು

ನಾನು ನರ್ಸ್. ವಚನ, ಪುರಾಣದ ಬಗ್ಗೆ ಮಾತಾಡುವಷ್ಟು ಓದಿಲ್ಲ. ಬಾಯಾರಿಕೆ ಮಾತ್ರ ದಿನಾ ನೋಡುತ್ತೇನೆ.

ಆಪರೇಷನ್‌ಗೆ ಮುಂಚೆ, ಆದ ಮೇಲೆ ಸ್ವಲ್ಪ ಹೊತ್ತು ನೀರು ಕೊಡುವ ಹಾಗಿರುವುದಿಲ್ಲ. ಡ್ರಿಪ್ ಹೋಗುತ್ತಾ ಇರುತ್ತದೆ, ಮೈಗೆ ಬೇಕಾದ ನೀರು ರಕ್ತಕ್ಕೆ ನೇರವಾಗಿ ಸೇರುತ್ತಾ ಇರುತ್ತದೆ. ಆದರೂ ‘ಸಿಸ್ಟರ್, ಒಂದು ಗುಟುಕು’ ಅಂತ ಕೈ ಹಿಡಿದು ಕೇಳುತ್ತಾರೆ. ಆಗ ಹತ್ತಿಯನ್ನು ನೀರಲ್ಲಿ ಅದ್ದಿ ತುಟಿಗೆ ಒತ್ತುತ್ತೇವೆ. ಒಡೆದ ತುಟಿ ಆ ಹತ್ತಿಯನ್ನು ಮಗುವಿನ ಹಾಗೆ ಹೀರುವುದಕ್ಕೆ ನೋಡುತ್ತದೆ. ನಾಲ್ಕು ಹನಿ ಇರಬಹುದು ಅಷ್ಟೇ. ಮುಖದ ಬಿಗಿ ಸಡಿಲ ಆಗುತ್ತದೆ.

ಇದಕ್ಕೆ ಕಾರಣ ಇದೆ. ರಕ್ತದಲ್ಲಿ ಉಪ್ಪಿನ ಸಾಂದ್ರತೆ ಶೇಕಡ 1ರಿಂದ 2ರಷ್ಟು ಏರಿದರೂ ಮೆದುಳಿನ ಹೈಪೋಥಲಾಮಸ್‌ಗೆ ಗೊತ್ತಾಗುತ್ತದೆ, ಬಾಯಾರಿಕೆ ಶುರುವಾಗುತ್ತದೆ. ಆದರೆ ನೀರು ಕುಡಿದಾಗ ಬಾಯಾರಿಕೆ ತಣಿಯುವುದು ಆ ನೀರು ರಕ್ತಕ್ಕೆ ಸೇರುವುದಕ್ಕೂ ಮುಂಚೆ. ರಕ್ತದಲ್ಲಿ ವ್ಯತ್ಯಾಸ ಕಾಣುವುದಕ್ಕೆ ಹತ್ತು ನಿಮಿಷಕ್ಕೂ ಜಾಸ್ತಿ ಬೇಕು. ಬಾಯಿ, ಗಂಟಲು, ಹೊಟ್ಟೆ ‘ಬಂತು ಬಂತು’ ಅಂತ ಮೊದಲೇ ಸುದ್ದಿ ಕಳಿಸುತ್ತವೆ, ಮೆದುಳು ಅದನ್ನು ನಂಬಿ ಸುಮ್ಮನಾಗುತ್ತದೆ.

ಹಾಗಾಗಿ ನೀರು ಸೇರಿದ ಮೇಲೇ ದಾಹ ಮುಗಿಯುತ್ತದೆ ಅಂತಿಲ್ಲ. ಬರುತ್ತಿದೆ ಅಂತ ಗೊತ್ತಾದರೂ ಮುಗಿಯುತ್ತದೆ. ಮನುಷ್ಯರ ಹಂಬಲವೂ ಹಾಗೇ ಅಲ್ವಾ? ಮಗ ಊರಿಗೆ ಬರುತ್ತೇನೆ ಅಂತ ಫೋನ್ ಮಾಡಿದ ದಿನವೇ ತಾಯಿ ಎರಡು ತುತ್ತು ಜಾಸ್ತಿ ಉಣ್ಣುವುದನ್ನು ನಾನು ವಾರ್ಡಿನಲ್ಲೇ ನೋಡಿದ್ದೇನೆ.

ಕಡಲಕರೆ

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮದು ಕುಂದಾಪುರದ ಕಡೆ. ಸಮುದ್ರದ ನೀರು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನಮ್ಮ ಮೂತ್ರಪಿಂಡಕ್ಕೆ ಅಷ್ಟು ಉಪ್ಪಿನ ಮೂತ್ರ ಮಾಡುವುದಕ್ಕೆ ಆಗುವುದಿಲ್ಲ. ಹಾಗಾಗಿ ಸಮುದ್ರದ ನೀರು ಕುಡಿದರೆ ಆ ಉಪ್ಪನ್ನು ಹೊರಗೆ ಹಾಕುವುದಕ್ಕೆ ಮೈಯೊಳಗಿನ ನೀರೇ ಖರ್ಚಾಗುತ್ತದೆ, ಬಾಯಾರಿಕೆ ಇನ್ನೂ ಏರುತ್ತದೆ. ಯಯಾತಿಯದ್ದು ಈ ಬಾಯಾರಿಕೆ ಅಂತ ನನ್ನ ಅಭಿಪ್ರಾಯ. ಬೇಕಾಗಿದ್ದು ಒಂದು, ಕುಡಿದಿದ್ದು ಇನ್ನೊಂದು. ಹೋಲಿಕೆಯಲ್ಲಿ ತಪ್ಪೇನೂ ಇಲ್ಲ, ಯಾವ ನೀರು ಅಂತ ಕೇಳಬೇಕು ಅಷ್ಟೇ.

ನಮ್ಮಲ್ಲಿ ಮನೆಗೆ ಯಾರು ಬಂದರೂ ಮೊದಲು ‘ಆಸ್ರಿ ಕುಡಿತ್ರಾ’ ಅಂತ ಕೇಳುತ್ತಾರೆ. ಹಿಂದೆಲ್ಲ ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ. ಬಂದವನ ಹೆಸರು, ಕೆಲಸ ಕೇಳುವುದು ಆಮೇಲೆ.

ಹರಟೆಮಲ್ಲ

ಚಾತಕದ ವಿಷಯ ಯಾರೂ ತೆಗೆಯಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಕಪ್ಪು ಬಿಳಿ ಮೈ, ತಲೆ ಮೇಲೆ ಜುಟ್ಟು. ಮಳೆಹನಿ ಬಿಟ್ಟು ಬೇರೆ ನೀರು ಮುಟ್ಟುವುದಿಲ್ಲ ಅಂತ ಕವಿಗಳು ಶತಮಾನಗಳಿಂದ ಹೇಳಿಕೊಂಡು ಬಂದಿದ್ದಾರೆ. ಅದು ಕಂಬಳಿಹುಳು ತಿಂದು ಬದುಕುತ್ತದೆ, ಮೊಟ್ಟೆಯನ್ನು ಹರಟೆಮಲ್ಲ ಹಕ್ಕಿಯ ಗೂಡಿನಲ್ಲಿ ಇಡುತ್ತದೆ. ಮಳೆಗಾಲದ ಗಾಳಿಯ ಜೊತೆ ಆಫ್ರಿಕಾದಿಂದ ಬರುವವು ಉತ್ತರ ಭಾರತದ ಕಡೆ ಹೋಗುತ್ತವೆ, ದಕ್ಷಿಣದಲ್ಲಿ ವರ್ಷಪೂರ್ತಿ ಇರುವ ಬಳಗವೂ ಇದೆ. ಅದು ಬಂತೆಂದರೆ ಮಳೆ ಬಂತು ಅಂತ ರೈತರು ಲೆಕ್ಕ ಹಾಕುತ್ತಿದ್ದರು. ಕಾದಿದ್ದು ರೈತ. ಆ ಕಾಯುವಿಕೆಯನ್ನು ಹಕ್ಕಿಯ ಮೇಲೆ ಹಾಕಿದ. ಇಷ್ಟೇ ನನಗೆ ಹೇಳಬೇಕಾಗಿದ್ದಿದ್ದು.

ಬಿಸಿಲೂರು

ನಾನು ರಾಯಚೂರು ಜಿಲ್ಲೆಯವನು. ನಮ್ಮ ಕಡೆ ಬಾಯಾರಿಕೆಯ ಮಾತು ಬಂದರೆ ಮೊಹರಂ ನೆನಪಾಗದೆ ಇರುವುದಿಲ್ಲ. ಮುದಗಲ್ಲಿನ ಮೊಹರಂಗೆ ಒಮ್ಮೆಯಾದರೂ ಬನ್ನಿ. ಹಿಂದೂ ಮುಸ್ಲಿಂ ಅಂತ ಎಣಿಸುವುದಕ್ಕೆ ಆಗದಷ್ಟು ಜನ ಸೇರುತ್ತಾರೆ. ನಮ್ಮ ಸುತ್ತಿನ ಎಷ್ಟೋ ಹಳ್ಳಿಗಳಲ್ಲಿ ಅಲಾಯಿ ಕುಣಿ (ಬೆಂಕಿ ಹಾಕುವ ಗುಂಡಿ) ತೋಡುವುದು, ದೇವರು ಹಿಡಿಯುವುದು, ಹೆಜ್ಜೆ ಹಾಕುವುದು ಎಲ್ಲ ಜಾತಿಯವರೂ ಸೇರಿ ಮಾಡುವ ಕೆಲಸ. ರಿವಾಯತ್ ಪದಗಳನ್ನು ಕನ್ನಡದಲ್ಲೇ ಹಾಡುತ್ತಾರೆ. ಹಾಡುವವರಲ್ಲಿ ಎಷ್ಟೋ ಜನ ಲಿಂಗಾಯತರು, ಕುರುಬರು, ಬೇಡರು.

ಆ ಪದಗಳ ಜೀವ ಇರುವುದೇ ನೀರಿನಲ್ಲಿ. ಕ್ರಿ.ಶ. 680, ಈಗಿನ ಇರಾಕಿನ ಕರ್ಬಲಾ. ಎದುರಿಗೇ ಯೂಫ್ರಟಿಸ್ ನದಿ ಹರಿಯುತ್ತಿದೆ. ಮೊಹರಂ ಏಳನೇ ದಿನದಿಂದ ಪ್ರವಾದಿಯವರ ಮೊಮ್ಮಗ ಹುಸೇನರ ಪಾಳೆಯಕ್ಕೆ ನೀರು ಬಂದ್. ಮಕ್ಕಳು ಬಾಯಾರಿ ಅಳುತ್ತಿದ್ದಾರೆ. ಹುಸೇನರ ತಮ್ಮ ಅಬ್ಬಾಸರು ತೊಗಲಿನ ಚೀಲ ಹಿಡಿದು ನೀರು ತರುವುದಕ್ಕೆ ಹೋಗುತ್ತಾರೆ. ನದಿ ಮುಟ್ಟಿದ ಮೇಲೆ ಬೊಗಸೆಯಲ್ಲಿ ನೀರು ಎತ್ತಿಕೊಂಡರಂತೆ. ಅವರಿಗೂ ಗಂಟಲು ಒಣಗಿದೆ. ಡೇರೆಯಲ್ಲಿ ಮಕ್ಕಳು ಕುಡಿದಿಲ್ಲ ಅಂತ ನೆನಪಾಗಿ ಆ ನೀರನ್ನು ಹಾಗೇ ನದಿಗೆ ಬಿಟ್ಟರು ಅನ್ನುತ್ತದೆ ಕಥೆ. ವಾಪಸ್ ಬರುವ ದಾರಿಯಲ್ಲಿ ಎರಡೂ ಕೈ ಕಡಿದುಹೋಗುತ್ತವೆ. ನಮ್ಮೂರಲ್ಲಿ ಎತ್ತುವ ಪಂಜಾ, ಆ ಲೋಹದ ಹಸ್ತ, ಅಬ್ಬಾಸರ ಕೈ ಅಂತ ಹೇಳುವವರೂ ಇದ್ದಾರೆ.

ಹಾಡುವವರು ಈ ಜಾಗಕ್ಕೆ ಬಂದಾಗ ಸಾಲನ್ನು ಎಳೆದು ಎಳೆದು ಹಾಡುತ್ತಾರೆ, ಸುತ್ತ ನಿಂತ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಆಮೇಲೆ ಶರಬತ್ತು ಹಂಚುತ್ತಾರೆ. ಆ ಲೋಟ ಹಿಡಿದಾಗ ಗಂಟಲಿಗೆ ಇಳಿಯುವುದು ಬರೀ ಬೆಲ್ಲದ ನೀರು ಅಂತ ನನಗೆ ಯಾವತ್ತೂ ಅನಿಸಿಲ್ಲ. ಯಾರಿಗೋ ಅವತ್ತು ಸಿಗದೆ ಹೋದದ್ದನ್ನು ಇವತ್ತು ಯಾರಿಗಾದರೂ ಕೊಡಬೇಕು ಅನ್ನುವ ತಹತಹ ಅದು. ಬಯಕೆ ಅಂದರೆ ಪಡೆಯುವುದು ಅಂತ ಎಲ್ಲರೂ ಇಲ್ಲಿ ಹಿಡಿದುಕೊಂಡ ಹಾಗೆ ಕಾಣುತ್ತದೆ. ಕೊಡಬೇಕು ಅನ್ನುವುದಕ್ಕೂ ಬಾಯಾರಿಕೆ ಇರುತ್ತದೆ.

ತುಂಗೆಯ ದಡ

ಬಿಸಿಲೂರು ಅಣ್ಣ, ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಅಬ್ಬಾಸರು ನೀರು ಬಿಟ್ಟ ಜಾಗ ಓದುವಾಗ ನನಗೆ ಅಕ್ಕನ ಎರಡನೇ ವಚನವೇ ಕೇಳಿಸಿತು. ತೃಷೆಯೆ, ನೀ ನಿಲ್ಲು. ಅವಳ ಕೈಯಲ್ಲಿ ಓಲೆ, ಅವರ ಕೈಯಲ್ಲಿ ನೀರಿನ ಚೀಲ. ದೊಡ್ಡದೊಂದನ್ನು ತಲುಪಿಸುವವರು ಸ್ವಂತ ಗಂಟಲನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ.

ಹಳೇ ಮೇಷ್ಟ್ರು

ಮಹಾಭಾರತದಲ್ಲಿ ಇದಕ್ಕೆ ಸಮನಾದ ಎರಡು ಜಾಗ ಇವೆ. ಯಕ್ಷಪ್ರಶ್ನೆ ಎಲ್ಲರಿಗೂ ಗೊತ್ತು. ನಕುಲ, ಸಹದೇವ, ಅರ್ಜುನ, ಭೀಮ ಒಬ್ಬರಾದ ಮೇಲೆ ಒಬ್ಬರು ಕೊಳಕ್ಕೆ ಬಂದರು. ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡು, ಆಮೇಲೆ ಕುಡಿ ಅಂತ ದನಿ ಕೇಳಿಸಿತು. ನಾಲ್ವರೂ ಕುಡಿದು ಬಿದ್ದರು. ಧರ್ಮರಾಯನಿಗೂ ಅಷ್ಟೇ ಬಾಯಾರಿಕೆ ಇತ್ತು, ಅವನು ನಿಂತ. ನಾಲ್ವರಲ್ಲಿ ಒಬ್ಬರನ್ನು ಬದುಕಿಸುತ್ತೇನೆ ಅಂದಾಗ ಭೀಮನನ್ನೋ ಅರ್ಜುನನನ್ನೋ ಕೇಳದೆ ನಕುಲನನ್ನು ಕೇಳಿದ. ಕುಂತಿಗೆ ಒಬ್ಬ ಮಗ ಉಳಿದಿದ್ದಾನೆ, ಮಾದ್ರಿಗೂ ಒಬ್ಬ ಉಳಿಯಲಿ ಅಂತ. ನೀರಿಗಿಂತ ಅವನಿಗೆ ಅದು ಹೆಚ್ಚು ಬೇಕಾಗಿತ್ತು.

ಇನ್ನೊಂದು ಜಾಗ ಇದಕ್ಕಿಂತ ಆಳವಾದದ್ದು. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮ ನೀರು ಕೇಳುತ್ತಾನೆ. ರಾಜರೆಲ್ಲ ತಣ್ಣೀರಿನ ಕೊಡಗಳನ್ನು, ತಿಂಡಿಗಳನ್ನು ತಂದು ನಿಲ್ಲಿಸುತ್ತಾರೆ. ಭೀಷ್ಮ ಅದನ್ನು ಮುಟ್ಟುವುದಿಲ್ಲ. ಅರ್ಜುನನನ್ನು ಕರೆಯಿರಿ ಅನ್ನುತ್ತಾನೆ. ಅರ್ಜುನ ನೆಲಕ್ಕೆ ಬಾಣ ಬಿಟ್ಟು ನೀರು ಚಿಮ್ಮಿಸುತ್ತಾನೆ. ಅದನ್ನು ಕುಡಿದು, ಪಕ್ಕದಲ್ಲಿದ್ದ ದುರ್ಯೋಧನನಿಗೆ ಇನ್ನಾದರೂ ರಾಜಿ ಮಾಡಿಕೋ ಎಂದು ಹೇಳುತ್ತಾನೆ. ನಾನು ಎಷ್ಟೋ ವರ್ಷ ಈ ಭಾಗ ಪಾಠ ಮಾಡಿದ್ದೇನೆ. ತನ್ನನ್ನು ಬಾಣಗಳಿಂದ ಬೀಳಿಸಿದ ಮೊಮ್ಮಗನ ಕೈಯಿಂದಲೇ ಆ ಮುದುಕನಿಗೆ ನೀರು ಬೇಕಾಗಿತ್ತು. ಕೊಡಗಟ್ಟಲೆ ನೀರು ಪಕ್ಕದಲ್ಲಿದ್ದರೂ ಅದು ಅವನ ದಾಹಕ್ಕೆ ನೀರಾಗಲಿಲ್ಲ. ತುಂಗೆಯ ದಡ ಅವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಬಾಯಾರಿಕೆ ಹಂಬಲಕ್ಕೆ ಹತ್ತಿರ ಬರುವುದು ಯಾರ ಕೈಯ ನೀರು ಅನ್ನುವ ಜಾಗದಲ್ಲಿ.

ನೀಲಿ ದಾರಿ

ಮೇಷ್ಟ್ರೇ, ನೀವು ಹೇಳಿದ ಆ ಕೈಯ ಬಗ್ಗೆಯೇ ಮಾತಾಡಬೇಕು. ಇಷ್ಟು ಹೊತ್ತು ಎಲ್ಲರೂ ಕೊಡುವ ಕೈಯನ್ನು ಹೊಗಳಿದ್ದೀರಿ. ಅಕ್ಕನ ವಚನದ ಸಾಲನ್ನು ಎಷ್ಟು ಸಲೀಸಾಗಿ ಓದಿದಿರಿ. ತೃಷೆಯಾದರೆ ಕೆರೆ, ಹಳ್ಳ, ಬಾವಿ ಇವೆ. ಯಾರಿಗೆ ಇದ್ದವು?

ನಮ್ಮ ಅಜ್ಜಿ ಬಾವಿಯ ಕಟ್ಟೆ ಮುಟ್ಟುವ ಹಾಗಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲಬೇಕು. ಯಾರಾದರೂ ಮನಸ್ಸು ಮಾಡಿ ಒಂದು ಕೊಡ ಸೇದಿ, ಎತ್ತರದಿಂದ ಸುರಿಯಬೇಕು. ಅರ್ಧ ನೀರು ನೆಲಕ್ಕೆ. ಹೊಲದಲ್ಲಿ ಬಾಯಾರಿದರೆ ಬೊಗಸೆ ಒಡ್ಡಿ ಬಗ್ಗಿ ನಿಲ್ಲಬೇಕು, ಮೇಲಿನಿಂದ ಹೊಯ್ಯುತ್ತಾರೆ, ನೀರು ಮೊಣಕೈವರೆಗೆ ಇಳಿದು ಸೀರೆಯೆಲ್ಲ ಒದ್ದೆ. ಅಜ್ಜಿ ಇದನ್ನು ಹೇಳುವಾಗ ಎರಡೂ ಕೈ ಜೋಡಿಸಿ ತೋರಿಸುತ್ತಿದ್ದಳು. ಬೆರಳ ಸಂದಿ ಬಿಗಿಯಾಗಿ ಮುಚ್ಚುತ್ತಿದ್ದಳು, ಹನಿ ಸೋರಬಾರದು ಅಂತ. ಕೊಡುವ ಕೈಯಲ್ಲಿ ಪ್ರೀತಿ ಇತ್ತು ಅಂತ ಅವಳಿಗೆ ಒಂದು ದಿನವೂ ಅನಿಸಲಿಲ್ಲ.

ಮಹಾರಾಷ್ಟ್ರದ ಮಹಾಡ್ ನೆನಪಿಸಿಕೊಳ್ಳಿ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಅಂತ ಮುಂಬೈ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡಿನ ಪುರಸಭೆ ಚವದಾರ್ ಕೆರೆಯನ್ನು ಕಾಗದದ ಮೇಲೆ ತೆರೆದೂ ಇತ್ತು. ಆದರೂ ಹತ್ತಿರ ಹೋಗುವ ಧೈರ್ಯ ದಲಿತರಲ್ಲಿ ಯಾರಿಗೂ ಇರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರು ಕುಡಿದರು. ಆಮೇಲೆ ಹೊಡೆತ ಬಿತ್ತು. ಸವರ್ಣರು 108 ಕೊಡ ಪಂಚಗವ್ಯ ಹೊಯ್ದು ಕೆರೆಯನ್ನು ‘ಶುದ್ಧ’ ಮಾಡಿಕೊಂಡರು. ಕೋರ್ಟಿನಲ್ಲಿ ಗೆಲ್ಲುವುದಕ್ಕೆ 1937 ಆಗಬೇಕಾಯಿತು. ಅದೇ 1927ರ ಡಿಸೆಂಬರಿನ ಸಮ್ಮೇಳನದಲ್ಲಿ ಬಾಬಾಸಾಹೇಬರು ಹೇಳಿದ ಮಾತಿನ ಸಾರ ಇಷ್ಟು: ಈ ಕೆರೆಯ ನೀರು ಕುಡಿದರೆ ನಾವು ಅಮರರಾಗುವುದಿಲ್ಲ, ಇಷ್ಟು ದಿನ ಇದಿಲ್ಲದೆಯೂ ಬದುಕಿದ್ದೇವೆ, ನಾವೂ ಎಲ್ಲರ ಹಾಗೆ ಮನುಷ್ಯರು ಅಂತ ಸ್ಥಾಪಿಸುವುದಕ್ಕೆ ಹೋಗುತ್ತಿದ್ದೇವೆ.

ಅಲ್ಲಿ ಆದದ್ದು ಬಾಯಾರಿಕೆಯಾ, ಹಂಬಲವಾ? ನನಗೆ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಅವತ್ತು ಅವರು ಸ್ವಂತ ಕೈ ನೀರಿಗೆ ಹಾಕಿ ಎತ್ತಿಕೊಂಡರು. ಆಸೆಯನ್ನು ಕಿತ್ತುಹಾಕಬೇಕು ಅನ್ನುವ ಉಪದೇಶವನ್ನು ನಮ್ಮವರಿಗೆ ಎಷ್ಟೋ ಜನ ಮಾಡಿದ್ದಾರೆ. ಇಂಥ ಆಸೆ ಇಲ್ಲದೆ ಹೋಗಿದ್ದರೆ ನಾನು ಇವತ್ತು ಇಲ್ಲಿ ಕೂತು ಬರೆಯುತ್ತಿರಲಿಲ್ಲ.

ಓದುವ ಹುಚ್ಚು

ನೀಲಿ ದಾರಿ ಅವರೇ, ನಿಮ್ಮ ಅಜ್ಜಿಯ ಬೊಗಸೆಯ ಮುಂದೆ ನಾನು ಪುಸ್ತಕದ ಮಾತು ಹೇಳಬಾರದು, ಆದರೆ ಬುದ್ಧನ ಹೆಸರು ಮೊದಲು ತೆಗೆದವನು ನಾನು, ಹಾಗಾಗಿ ಒಂದು ಹೇಳಿ ನಿಲ್ಲಿಸುತ್ತೇನೆ. ಕುಶಿನಗರಕ್ಕೆ ಹೋಗುವ ದಾರಿಯಲ್ಲಿ, ಕೊನೆಯ ದಿನ, ಹೊಟ್ಟೆಯ ಕಾಯಿಲೆಯಿಂದ ಸೋತು ಹೋದ ಬುದ್ಧ ಆನಂದನನ್ನು ನೀರು ಕೇಳಿದ. ಐನೂರು ಗಾಡಿ ಹಾದುಹೋಗಿ ನೀರು ಕದಡಿದೆ, ಮುಂದೆ ಹೊಳೆ ಇದೆ, ಅಲ್ಲಿ ಕುಡಿಯಬಹುದು ಅಂದ ಆನಂದ. ಬುದ್ಧ ಮತ್ತೆ ಕೇಳಿದ. ಮೂರನೇ ಸಲವೂ ಕೇಳಿದ. ತೃಷ್ಣೆ ಬಿಡಿ ಅಂದವನೇ ಬಾಯಾರಿಕೆಯನ್ನು ಬಚ್ಚಿಡಲಿಲ್ಲ. ಅವನು ಬಿಡು ಅಂದದ್ದು ಈ ನೀರನ್ನಲ್ಲ. ಘನತೆಯನ್ನೂ ಅಲ್ಲ ಅಂತ ನಾನು ನಂಬಿದ್ದೇನೆ. ಬಾಬಾಸಾಹೇಬರು ಕೊನೆಗೆ ಅವನ ದಾರಿಯನ್ನೇ ಹಿಡಿದರಲ್ಲ.

ನೀಲಿ ದಾರಿ

ಹಿಡಿದರು, ಹೌದು. ನೀರು ಕೇಳುವುದಕ್ಕೆ ಮೂರು ಸಲ ಬಾಯಿ ತೆರೆದವನು ಅನ್ನುವುದು ನನಗೆ ಹಿಡಿಸಿತು. ಇದನ್ನು ಉಪದೇಶ ಮಾಡುವವರು ಯಾರೂ ಹೇಳುವುದಿಲ್ಲ.

ವಾರ್ಡ್ ನಂಬರ್ ನಾಲ್ಕು

ನೈಟ್ ಡ್ಯೂಟಿ ಮುಗಿಸಿ ಎಲ್ಲ ಓದಿದೆ. ಮೇಷ್ಟ್ರು ಭೀಷ್ಮನ ವಿಷಯ ಬರೆದಿದ್ದಾರಲ್ಲ, ಅದಕ್ಕೆ ಒಂದು ಮಾತು. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ ಆಗುತ್ತದೆ. ಮೈಯಲ್ಲಿ ನೀರು ಕಡಿಮೆ ಇದ್ದರೂ ಬೇಡ ಅನ್ನುತ್ತಾರೆ. ದಯವಿಟ್ಟು ಬೇಸಿಗೆಯಲ್ಲಿ ಮನೆಯ ಹಿರಿಯರಿಗೆ ಕೇಳುವವರೆಗೂ ಕಾಯಬೇಡಿ, ನೀವಾಗಿಯೇ ಕೊಡುತ್ತಾ ಇರಿ. ಹಾರ್ಟ್, ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಎಷ್ಟು ಅಂತ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ಕೊನೆಯ ಹೊತ್ತಿನಲ್ಲಿ ಅನೇಕರಿಗೆ ಬಾಯಾರಿಕೆ ಇರುವುದೇ ಇಲ್ಲ, ಬಾಯಿ ಒಣಗಿರುತ್ತದೆ, ಒದ್ದೆ ಮಾಡಿದರೆ ಸಾಕು. ಆದರೂ ಬಾಯಿಗೆ ನೀರು ಬಿಡುವುದಕ್ಕೆ ಯಾರು ಬರಬೇಕು ಅಂತ ಮನೆಯವರು ಹೊರಗೆ ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾರೆ. ಒಂದು ಸಲ ಒಬ್ಬ ಅಜ್ಜಿ ಮಗಳ ಕೈಯಿಂದಲೇ ಬೇಕು, ಮಗ ಬೇಡ ಅಂತ ತಲೆ ಆಡಿಸಿದ್ದನ್ನು ನೋಡಿದೆ. ಕಾರಣ ನಾವು ಕೇಳುವುದಿಲ್ಲ. ಮಗಳನ್ನು ಒಳಗೆ ಕರೆದು ಚಮಚ ಕೈಗೆ ಕೊಡುತ್ತೇವೆ.

ಬಿಸಿಲೂರು

ನೀಲಿ ದಾರಿ ಅಣ್ಣ, ನೀವು ಬರೆದದ್ದನ್ನು ಇಲ್ಲಿ ಮನೆಯಲ್ಲಿ ಓದಿ ಹೇಳಿದೆ. ನಮ್ಮೂರ ಅರವಟ್ಟಿಗೆಯಲ್ಲಿ ಮೊದಲೆಲ್ಲ ಒಬ್ಬರು ಕೂತು ಲೋಟದಿಂದ ಹೊಯ್ಯುತ್ತಿದ್ದರು. ಈಗ ಮಣ್ಣಿನ ಹರವಿಗೆ ನಲ್ಲಿ ಕೂರಿಸಿದ್ದಾರೆ, ಯಾರು ಬೇಕಾದರೂ ತಾವೇ ಹಿಡಿದುಕೊಂಡು ಕುಡಿಯಬಹುದು. ಯಾಕೆ ಹಾಗೆ ಮಾಡಿದರು ಅಂತ ನಮ್ಮಪ್ಪನನ್ನು ಕೇಳಿದೆ. ಹೊಯ್ಯುವವನ ಮುಖ ನೋಡಿ ಕೆಲವರು ನೀರು ಕುಡಿಯದೇ ಮುಂದೆ ಹೋಗುತ್ತಿದ್ದರು, ಅದಕ್ಕೆ ಅಂದರು.

ತುಂಗೆಯ ದಡ

ನಾನು ಕೇಳಿದ್ದು ಹೋಲಿಕೆ ಸರಿಯಾ ಅಂತ. ಈಗ ನನಗೆ ಆ ಮೊದಲ ವಚನವನ್ನೇ ಬೇರೆ ಥರ ಓದಬೇಕು ಅನಿಸುತ್ತಿದೆ. ಅರಮನೆ, ಬಟ್ಟೆ, ಊರು ಎಲ್ಲ ಬಿಟ್ಟು ಒಬ್ಬಳೇ ನಡೆದ ಹೆಣ್ಣು ಯಾರ ಮನೆಯ ಬಾಗಿಲಲ್ಲೂ ನೀರಿಗೆ ನಿಲ್ಲದೆ ಕೆರೆ, ಹಳ್ಳ, ಬಾವಿಯ ಹೆಸರು ಹೇಳುತ್ತಾಳೆ. ಯಾರ ಕೈಯ ಹಂಗೂ ಬೇಡ ಅನ್ನುವ ಗಟ್ಟಿತನ ಅಲ್ಲಿದೆ. ಹಂಗು ಬೇಡದವಳು ಕೊನೆಯ ಸಾಲಿನಲ್ಲಿ ಒಬ್ಬನ ಸಂಗಾತ ಬೇಕು ಅನ್ನುತ್ತಾಳೆ. ಎರಡೂ ಒಂದೇ ಬಾಯಲ್ಲಿ.

ಹಳೇ ಮೇಷ್ಟ್ರು

ಈ ಓದು ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪುವುದಿಲ್ಲ. ಅದೇ ವಚನದಲ್ಲಿ ಭಿಕ್ಷಾನ್ನ ಅಂತಲೂ ಇದೆಯಲ್ಲ, ಭಿಕ್ಷೆ ಇನ್ನೊಬ್ಬರ ಕೈಯಿಂದಲೇ ಬರಬೇಕು. ಹಸಿವಿಗೆ ಕೈ ಒಡ್ಡಿದವಳು ನೀರಿಗೆ ಮಾತ್ರ ಯಾಕೆ ಒಡ್ಡಲಿಲ್ಲ? ನೀಲಿ ದಾರಿಯವರು ಎತ್ತಿದ ಪ್ರಶ್ನೆಯನ್ನೂ ಸೇರಿಸಿಕೊಂಡು ಇದನ್ನು ಮತ್ತೆ ನೋಡಬೇಕು. ಶರಣರ ಬೇರೆ ವಚನಗಳಲ್ಲಿ ಕೆರೆ ಬಾವಿ ಎಲ್ಲೆಲ್ಲಿ ಬರುತ್ತವೆ ಅಂತ ಹುಡುಕಲು ಶುರುಮಾಡಿದ್ದೇನೆ. ಯಾರಿಗಾದರೂ ನೆನಪಿದ್ದರೆ ಇಲ್ಲೇ ಬರೆಯಿರಿ.